ಹದಿನಾಲ್ಕಕ್ಕೆ ಮುರಿಯಲಿರುವ ದೋಣಿಯ ಬಗ್ಗೆ

ಜಲಯಾನ ನಿಯಂತ್ರಣ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಗಂಡನಿಗೆ ತಾವು ಬರೆದ ಮೂರನೆಯ ಪತ್ರ ತಲುಪಿತು. ಅವರು ತೀರಿಕೊಂಡು ಏಳು ತಿಂಗಳಾಗಿರುವುದರಿಂದ ಅವರ ಪರವಾಗಿ ನಾನೇ ಒಡೆದು ಓದಿದೆ, ಕ್ಷಮಿಸಬೇಕು. "ಜಪ್ತಿಯಾದ ತಮ್ಮ ವಿಹಾರ ದೋಣಿಯ ಬಗ್ಗೆ ತಾವು ಯಾವುದೇ ಆಸಕ್ತಿ ತೋರದಿರುವುದನ್ನು ವಿಷಾದದಿಂದ ಗಮನಿಸಲಾಗಿದೆ" ಎಂದು ಬರೆದಿದ್ದೀರಿ. ಅವರು ಸತ್ತಾಗ ತಮ್ಮ ಕಚೇರಿಯಿಂದ ಒಂದು ಸಾಲು ಬರಲಿಲ್ಲ. ಈಗ ಅವರ ನಿರಾಸಕ್ತಿಗೆ ವಿಷಾದ ಬಂದಿದೆ. ಇರಲಿ, ಬಂದದ್ದನ್ನು ಬೇಡವೆನ್ನಲಾಗದು. ಆಸಕ್ತಿ ತೋರದ ಕಾರಣ ಬರುವ ಹದಿನಾಲ್ಕನೆಯ ತಾರೀಕು ಬೆಳಿಗ್ಗೆ ಹತ್ತಕ್ಕೆ ದೋಣಿಯನ್ನು ಮುರಿದು ವಿಲೇವಾರಿ ಮಾಡಲಾಗುವುದು ಎಂದೂ ಅದೇ ಪತ್ರದಲ್ಲಿದೆ. ಅದನ್ನು ತಡೆಯಲೆಂದೇ ಬರೆಯುತ್ತಿದ್ದೇನೆ. ಆ ದೋಣಿಯ ಎಡಮಗ್ಗುಲಲ್ಲಿ ಅಂಚಿನಿಂದ ಒಳಕ್ಕೆ ಬಿದ್ದ ಒಂದು ಸೀಳಿದೆ. ನನ್ನ ಗಂಡನನ್ನು ಕೊಂದದ್ದು ಯಾರ ದೋಣಿ ಎನ್ನುವುದಕ್ಕೆ ಉಳಿದಿರುವ ಸಾಕ್ಷಿ ಆ ಸೀಳೊಂದೇ. ತಮ್ಮ ಕಚೇರಿಗೆ ಅಲೆದು ಅಲೆದು ಸಾಕಾಗಿ ಪತ್ರಿಕೆಗೆ ಬರೆಯುತ್ತಿದ್ದೇನೆ, ನಾಲ್ಕು ಜನರಾದರೂ ಓದಲಿ.

ನಾನು ಯಾರೆಂದು ತಮಗೆ ಗೊತ್ತಿರಲಾರದು, ಆದರೆ ನನ್ನ ಹೊಲಿಗೆ ಗೊತ್ತಿರುತ್ತದೆ. ದೋಣಿಗಟ್ಟೆಯ ಹಿಂದಿನ ಬೀದಿಯಲ್ಲಿ ಒಂದೇ ಬಾಗಿಲಿನ ಅಂಗಡಿ ನನ್ನದು. ದೋಣಿಗಳಿಗೆ ಹೊದಿಕೆ, ಸೀಟಿನ ದಿಂಬು, ಬಿಸಿಲುಮರೆ ಹೊಲಿಯುತ್ತೇನೆ. ಮೂವತ್ತೊಂದು ವರ್ಷದಿಂದ ಈ ಸರೋವರದ ವಿಹಾರ ದೋಣಿಗಳಲ್ಲಿ ಮುಕ್ಕಾಲು ಪಾಲು ನನ್ನ ಬಟ್ಟೆಯಲ್ಲೇ ಮೈ ಮುಚ್ಚಿಕೊಂಡಿವೆ. ತಮ್ಮ ಗಸ್ತು ದೋಣಿಯ ನೀಲಿ ಹೊದಿಕೆಯೂ ನನ್ನದೇ. ಅದರ ಬಲಮೂಲೆ ಹರಿದು ಎರಡು ವರ್ಷವಾಯಿತು, ತಮ್ಮಲ್ಲಿ ಯಾರಿಗೂ ಕಂಡಂತಿಲ್ಲ. ನನ್ನ ಗಂಡ ತರಬೇತಿ ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದವರು. ಎಲ್ಲರ ಬಾಯಲ್ಲೂ ಅವರು ಉಳಿ ಮೇಷ್ಟ್ರು. ನಿವೃತ್ತರಾದ ಮೇಲೆ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ವರ್ಷ ಕೂತು, ಒಬ್ಬರೇ ಹುಟ್ಟು ಹಾಕಿಕೊಂಡು ಹೋಗುವಂಥ ಒಂದು ಪುಟ್ಟ ಮರದ ದೋಣಿ ಮಾಡಿಕೊಂಡರು. ಮೊಳೆಗಿಂತ ಬೈಗುಳವೇ ಹೆಚ್ಚು ಬಿದ್ದಿದೆ ಅದಕ್ಕೆ. ಮುಗಿದ ದಿನ ಅದರ ಸುತ್ತ ಮೂರು ಸಲ ನಡೆದು, "ನೋಡೇ, ಒಂದು ಹನಿ ನೀರು ಒಳಗೆ ಬಂದ್ರೆ ನನ್ನ ಕಿವಿ ಕುಯ್ಕೋ" ಅಂದರು. "ಕುಯ್ದು ಏನ್ ಮಾಡ್ಲಿ, ಇದ್ದೂ ಕೇಳಿಸಲ್ಲ" ಅಂದೆ. ನಿಜಕ್ಕೂ ಅವರ ಎಡಗಿವಿ ಪೂರ್ತಿ ಹೋಗಿತ್ತು, ಗರಗಸದ ಯಂತ್ರದ ಪಕ್ಕ ನಿಂತು ನಿಂತು.

ಆ ಭಾನುವಾರ ಬೆಳಿಗ್ಗೆ ಏಳಕ್ಕೆ ಹೋದರು. ಲೈಫ್ ಜಾಕೆಟ್ ತೊಟ್ಟಿರಲಿಲ್ಲ. ತಮ್ಮ ವರದಿಯಲ್ಲಿ ಅದನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಬರೆದಿದ್ದೀರಿ, ನಾನು ಅಲ್ಲಗಳೆಯುವುದಿಲ್ಲ. ಜಾಕೆಟ್ ದೋಣಿಯಲ್ಲೇ ಇತ್ತು, ಅವರು ಅದರ ಮೇಲೆ ಕೂತಿದ್ದರು. ಹಲಗೆ ಒತ್ತುತ್ತದೆ, ಒಂದು ದಿಂಬು ಹೊಲಿದುಕೊಡು ಅಂತ ಹನ್ನೊಂದು ತಿಂಗಳು ಕೇಳಿದ್ದರು. "ಈ ವಾರ ಮುಗೀಲಿ, ಹೊಲ್ಕೊಡ್ತೀನಿ" ಅಂತ ಹನ್ನೊಂದು ತಿಂಗಳು ಹೇಳಿದ್ದೆ. ಕಂಡವರ ಬೆನ್ನಿಗೆಲ್ಲ ದಿಂಬು ಹೊಲಿದವಳಿಗೆ ಸ್ವಂತ ಗಂಡನ ಹಲಗೆಗೆ ಮೊಳ ಬಟ್ಟೆ ಕತ್ತರಿಸಲು ಪುರುಸೊತ್ತಾಗಲಿಲ್ಲ. ಕೊನೆಗೆ ಅವರು ಜಾಕೆಟ್ಟನ್ನೇ ಮಡಚಿ ದಿಂಬು ಮಾಡಿಕೊಂಡರು. ಇದು ನನ್ನ ತಪ್ಪು. ಇದನ್ನು ನಾನು ಸಾಯುವವರೆಗೆ ಹೊರುತ್ತೇನೆ, ಅದಕ್ಕೆ ತಮ್ಮ ಕೆಂಪು ಶಾಯಿಯ ಸಹಾಯ ಬೇಕಿಲ್ಲ. ಆದರೆ ದಿಂಬಿಲ್ಲದ್ದಕ್ಕೆ ದೋಣಿಯ ಅಂಚು ಸೀಳುವುದಿಲ್ಲ, ಮುಖ್ಯಾಧಿಕಾರಿಗಳೇ.

ಏಳೂವರೆಗೆ ಒಂದು ಬಿಳಿ ಮೋಟಾರು ದೋಣಿ ಅವರನ್ನು ದಡಕ್ಕೆ ತಂದಿತು. ಅಷ್ಟರಲ್ಲಿ ಉಸಿರು ನಿಂತಿತ್ತು. ಆ ದೋಣಿ ಒಬ್ಬ ಟೈಲ್ಸ್ ವ್ಯಾಪಾರಿಯದು. ಜೊತೆಗಿದ್ದವನು ಅವನ ಭಾಮೈದ. ಮುದುಕನ ದೋಣಿ ನೀರೊಳಗಿನ ಬಂಡೆಗೆ ಬಡಿದು ಮಗುಚಿತು, ನಾವು ದೂರದಿಂದ ನೋಡಿ ಕಾಪಾಡಲು ಓಡಿದೆವು ಎಂದು ಇಬ್ಬರೂ ಒಂದೇ ಉಸಿರಿನಲ್ಲಿ ಹೇಳಿದರು. ತಮ್ಮವರು ಬರೆದುಕೊಂಡರು. ನೀರೊಳಗಿನ ಬಂಡೆ ದೋಣಿಯ ತಳವನ್ನು ಬಿಟ್ಟು ಮೇಲೆದ್ದು ಬಂದು ಅಂಚನ್ನು ಕಚ್ಚಿತೇ ಎಂದು ಯಾರೂ ಕೇಳಲಿಲ್ಲ. ಬಿಳಿ ದೋಣಿಯ ಮೂತಿ ಚಪ್ಪಟೆಯಾಗಿತ್ತಲ್ಲ, ಅದನ್ನು "ಸ್ವಲ್ಪ ಹಾನಿ" ಎಂದು ಎರಡೇ ಪದಗಳಲ್ಲಿ ಮುಗಿಸಿದರು. ಒಂದು ಫೋಟೋ ತೆಗೆಯಲಿಲ್ಲ. ಅವತ್ತು ಕ್ಯಾಮೆರಾ ಕೆಟ್ಟಿತ್ತಂತೆ. ಕೈಯಲ್ಲಿದ್ದ ಮೊಬೈಲುಗಳೂ ಕೆಟ್ಟಿದ್ದವೇ? ಆಮೇಲೆ ನಿಯಮ ಪುಸ್ತಕ ತೆರೆದು ಎರಡೂ ದೋಣಿಗಳನ್ನು ಜಪ್ತಿ ಮಾಡಿದಿರಿ. ಬಿಳಿ ದೋಣಿಯ ಮೇಲೆ ಅಪರಾಧ: ವೇಗಮಿತಿ ಮೀರಿದ್ದು. ನನ್ನ ಗಂಡನ ದೋಣಿಯ ಮೇಲೆ ಅಪರಾಧ: ಲೈಫ್ ಜಾಕೆಟ್ ಧರಿಸದಿದ್ದದ್ದು. ವೇಗಮಿತಿಯದು ಲಘು ಅಪರಾಧ, ಮಾಲೀಕ ಮನವಿ ಕೊಟ್ಟರೆ ದೋಣಿ ಬಿಡಬಹುದು. ಜಾಕೆಟ್ಟಿನದು ಪ್ರಾಣಕ್ಕೆ ಸಂಬಂಧಿಸಿದ ಗಂಭೀರ ಅಪರಾಧ, ಮಾಲೀಕ ಖುದ್ದಾಗಿ ಬಂದು ಮುಚ್ಚಳಿಕೆ ಬರೆದುಕೊಡಬೇಕು. ಬಿಳಿ ದೋಣಿಯನ್ನು ನಾಲ್ಕನೆಯ ದಿನ ಬಿಟ್ಟಿರಿ. "ಮಾನವೀಯ ನೆರವಿನ ಸಂದರ್ಭವನ್ನು ಪರಿಗಣಿಸಿ" ಎಂದು ಆದೇಶದಲ್ಲಿದೆ. ಅಂದರೆ ಸಾಯಿಸಿದವನು ನಾಲ್ಕು ದಿನದಲ್ಲಿ ನೀರಿಗಿಳಿದ, ಸತ್ತವನ ದೋಣಿ ಏಳು ತಿಂಗಳಿಂದ ತಮ್ಮ ಅಂಗಳದಲ್ಲಿ ಶಿಕ್ಷೆ ಅನುಭವಿಸುತ್ತಿದೆ. ಈ ನಿಯಮ ಬರೆದ ಪುಣ್ಯಾತ್ಮ ಯಾರೋ, ಅವನಿಗೆ ಜೀವಮಾನದಲ್ಲಿ ಒಮ್ಮೆಯಾದರೂ ನೀರು ಕುಡಿದು ಗೊತ್ತಿರಲಿ ಎಂದು ನನ್ನ ಹಾರೈಕೆ.

ತಮ್ಮ ಮೊದಲ ಪತ್ರ ಬಂದಾಗ ಮರಣ ಪ್ರಮಾಣಪತ್ರ ಹಿಡಿದು ಹೋದೆ. ಜೊತೆಗೆ ನನ್ನ ನಾದಿನಿ, ಗಂಡನ ತಂಗಿ, ನಮ್ಮ ಮನೆಯಲ್ಲೇ ಇರುವವಳು. ನಾಲಿಗೆಯಲ್ಲಿ ಅಣ್ಣನ ಉಳಿಗಿಂತ ಹರಿತ. ಮೂರನೇ ಕಿಟಕಿಯ ಗುಮಾಸ್ತರು ಪ್ರಮಾಣಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿ ಹೇಳಿದರು, "ಅಮ್ಮಾ, ಇದ್ರಲ್ಲಿ ಅವ್ರು ಸತ್ತಿದ್ದಾರೆ ಅಂತಿದೆ. ನಮ್ಗೆ ಬೇಕಾಗಿರೋದು ಮಾಲೀಕರು."

"ಮಾಲೀಕರೇ ಸತ್ತಿರೋದು" ಅಂದೆ.

"ಸರಿ, ಆದ್ರೆ ಖುದ್ದಾಗಿ ಬರ್ಬೇಕು ಅಂತಿದೆಯಲ್ಲ."

"ಹೆಂಡತಿ ನಾನು. ದೋಣಿ ನನ್ಗೆ ಬರಲ್ವಾ?"

"ಮೀನುಗಾರಿಕೆ ದೋಣಿ ಆಗಿದ್ರೆ ವಾರಸುದಾರರಿಗೆ ಅವಕಾಶ ಇದೆ. ಹೊಟ್ಟೆಪಾಡಿನದು ನೋಡಿ. ಇದು ವಿಹಾರದ ದೋಣಿ. ವಿಹಾರಕ್ಕೆ ವಾರಸುದಾರರು ಇರಲ್ಲಮ್ಮ."

ನಾದಿನಿ ಕಿಟಕಿಗೆ ಮುಖ ಇಟ್ಟಳು. "ಆಯ್ತು ಸ್ವಾಮಿ, ಅಣ್ಣನ್ನ ಖುದ್ದಾಗಿ ಕರ್ಕೊಂಡ್ ಬರ್ತೀನಿ. ಹೋಗಿ ಬರೋಕೆ ಎಷ್ಟು ದಿನ ಆಗುತ್ತೋ ಗೊತ್ತಿಲ್ಲ. ನಿಮ್ಮ ಸಾಹೇಬರನ್ನೂ ಜೊತೆಗೆ ಕಳ್ಸಿ, ದಾರಿ ಅವ್ರಿಗೂ ಒಂದಿನ ಬೇಕಾಗುತ್ತೆ."

ಗುಮಾಸ್ತರು ಕಿಟಕಿ ಮುಚ್ಚಿದರು. ಊಟದ ಹೊತ್ತಂತೆ. ಬೆಳಿಗ್ಗೆ ಹನ್ನೊಂದೂಕಾಲು ಆಗಿತ್ತು. ಆಮೇಲೆ ಆರು ಸಲ ಹೋಗಿದ್ದೇನೆ, ಒಮ್ಮೆಯೂ ತಮ್ಮ ಕೋಣೆಯ ಬಾಗಿಲು ದಾಟಿಲ್ಲ. ತಾವು ಸದಾ ಸಭೆಯಲ್ಲಿರುತ್ತೀರಿ. ಯಾರೊಂದಿಗೆ, ಮುಖ್ಯಾಧಿಕಾರಿಗಳೇ? ಸತ್ತವರಿಗೆ ಪತ್ರ ಬರೆಯುವವರಿಗೆ ಸತ್ತವರೊಂದಿಗೆ ಸಭೆಯೂ ಇರಬಹುದು. ಹಾಗಿದ್ದರೆ ನನ್ನವರನ್ನೂ ಒಮ್ಮೆ ಕರೆಯಿಸಿಕೊಳ್ಳಿ, ಮುಚ್ಚಳಿಕೆಗೆ ಸಹಿ ಅಲ್ಲೇ ಆಗಿಬಿಡಲಿ.

ತಮ್ಮ ಜಪ್ತಿ ಅಂಗಳವನ್ನು ತಾವು ನೋಡಿದ್ದೀರೋ ಇಲ್ಲವೋ. ಕಚೇರಿಯ ಹಿಂದೆ, ಸಿಮೆಂಟು ನೆಲ, ಮೂರು ಕಡೆ ಗೋಡೆ, ಮೇಲೆ ಏನೂ ಇಲ್ಲ. ಸುಮಾರು ಐವತ್ತು ದೋಣಿಗಳು ಮೈ ತೆರೆದು ಬಿದ್ದಿವೆ. ಮರದ ದೋಣಿಯನ್ನು ಒಣಗಲು ಬಿಡಬಾರದು. ನೀರು ಕುಡಿದು ಹಲಗೆ ಉಬ್ಬಿಕೊಂಡರೆ ಮಾತ್ರ ಸಂದು ಮುಚ್ಚುತ್ತದೆ. ಬಿಸಿಲಿಗೆ ಬಿಟ್ಟರೆ ಹಲಗೆ ಕುಗ್ಗಿ, ಸಂದು ಬಿರಿದು, ಸೀಳು ಆಕಾರ ಕಳೆದುಕೊಳ್ಳುತ್ತದೆ. ಇದು ನಲವತ್ತು ವರ್ಷ ಉಳಿ ಮೇಷ್ಟ್ರ ಜೊತೆ ಬಾಳಿದ್ದಕ್ಕೆ ನನಗೆ ಗೊತ್ತು. ಅಳತೆ ಬಾಯಿಪಾಠ ಇತ್ತು, ಒಂದು ಹೊದಿಕೆ ಹೊಲಿದು ಒಯ್ದೆ. "ಜಪ್ತಿ ವಸ್ತುವಿಗೆ ಏನನ್ನೂ ಸೇರಿಸುವಂತಿಲ್ಲ" ಎಂದು ವಾಪಸು ಕಳಿಸಿದರು. ಅಂಗಳದ ಕಾವಲುಗಾರ ನನ್ನ ಮುಖ ನೋಡಿದ. ಮಾರನೆಯ ದಿನದಿಂದ ಅವನೇ ಎರಡು ಗೋಣಿಚೀಲ ನೆನೆಸಿ ಸೀಳಿನ ಮೇಲೆ ಹಾಸತೊಡಗಿದ. "ಗೋಣಿಚೀಲ ಒಣಗೋಕೆ ಹಾಕ್ದೆ ಅಂದ್ರೆ ಯಾರೂ ಕೇಳಲ್ಲ ಬಿಡಿ ಅಕ್ಕಾ" ಅಂದ. ಇಡೀ ಕಚೇರಿಯಲ್ಲಿ ಮನುಷ್ಯನೆಂದು ನನಗೆ ಸಿಕ್ಕವನು ಅವನೊಬ್ಬನೇ.

ಇನ್ನು ಟೈಲ್ಸ್ ವ್ಯಾಪಾರಿ. ಒಂದೂವರೆ ತಿಂಗಳ ಹಿಂದೆ ಅವನ ಮ್ಯಾನೇಜರು ಅಂಗಡಿಗೆ ಫೋನು ಮಾಡಿದ. ದೋಣಿಗೆ ಹೊಸ ಹೊದಿಕೆ ಬೇಕು, ಹಳೆಯದು ಕೂರುತ್ತಿಲ್ಲ. ಆ ದೋಣಿಯ ಹಳೆಯ ಹೊದಿಕೆಯನ್ನೂ ಮೂರು ವರ್ಷದ ಹಿಂದೆ ನಾನೇ ಹೊಲಿದಿದ್ದು. ಈ ಸರೋವರಕ್ಕೆ ಇರುವವಳು ನಾನೊಬ್ಬಳೇ, ಅವರು ಬೇರೆಲ್ಲಿಗೆ ಹೋಗುತ್ತಾರೆ? ನಾನು ಸತ್ತವನ ಹೆಂಡತಿ ಎಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊಲಿಯುವವಳ ಮುಖವನ್ನು ಅಂಥವರು ಯಾವಾಗ ನೋಡಿದ್ದಾರೆ? "ಹೋಗ್ಬೇಡ ಅತ್ತಿಗೆ, ನಿನ್ನ ಕೈಲಿ ಕತ್ತರಿ ಬೇರೆ ಇರುತ್ತೆ" ಅಂದಳು ನಾದಿನಿ. ನಾನು ಹೋದೆ. ನೋಡಬೇಕಿತ್ತು ನನಗೆ. ಅವನ ದೋಣಿಮನೆಯಲ್ಲಿ ಟೇಪು ಹಿಡಿದು ಮೂತಿಯಿಂದ ಶುರುಮಾಡಿದೆ. ಮೂತಿ ಹೊಸದು, ಹಳೆಯದಕ್ಕಿಂತ ಮೂರು ಬೆರಳು ಉದ್ದ. ಹಳೆಯ ಮೂತಿಯ ತುದಿಯಲ್ಲಿ ಹಗ್ಗ ಕಟ್ಟುವ ಕಬ್ಬಿಣದ ಬಳೆ ಬಲಕ್ಕೆ ಎರಡು ಬೆರಳು ಸರಿದು ಕೂತಿತ್ತು, ಯಾವನೋ ಅರೆಗಣ್ಣಿನಲ್ಲಿ ಕೂರಿಸಿದ್ದ. ಅದಕ್ಕೆ ಸರಿಯಾಗಿ ಹೊದಿಕೆಯಲ್ಲೂ ಸೊಟ್ಟಗೆ ತೂತು ಬಿಡಬೇಕಾಗಿ ನಾನು ಶಪಿಸಿದ್ದು ನೆನಪಿದೆ. ಹೊಸ ಬಳೆ ನಟ್ಟನಡುವೆ ಇದೆ. ಅಷ್ಟರಲ್ಲಿ ಯಜಮಾನನೇ ಬಂದ, ಕೈಯಲ್ಲಿ ಚಹಾ ಲೋಟ.

"ಬೇಗ ಹೊಲ್ಕೊಡಿ ಅಮ್ಮಾ. ಹೊಸ ಪೇಂಟು, ಬಿಸಿಲಿಗೆ ಹೋಗ್ಬಿಡುತ್ತೆ."

"ಮೂತಿ ಬದಲಾಯ್ಸಿದೀರಲ್ಲ ಸಾರ್?" ಅಂದೆ. ಟೇಪಿನಿಂದ ಕಣ್ಣು ತೆಗೆಯಲಿಲ್ಲ.

"ಹೂಂ ಮತ್ತೆ. ಯಾವನೋ ಕಿವುಡು ಮುದುಕ ಅಡ್ಡ ಬಂದು ಹಳೇದು ಹಾಳಾಯ್ತು. ಎಷ್ಟು ಹಾರ್ನ್ ಹೊಡೆದ್ರೂ ಜರುಗಲಿಲ್ಲ ಆಸಾಮಿ."

ಹೀಗೇ ಹೇಳಿದ. ಚಹಾ ಗುಟುಕರಿಸಿ ಹೇಳಿದ. ನಾನು ಏನು ಮಾಡಿದೆ ಗೊತ್ತೇ? "ಆಯ್ತು ಸಾರ್" ಅಂದೆ. ಉಳಿದ ಅಳತೆಯನ್ನೂ ಪೂರ್ತಿ ತೆಗೆದುಕೊಂಡೆ. ಒಂದು ಅಳತೆಯೂ ತಪ್ಪಲಿಲ್ಲ, ಅದಕ್ಕೆ ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯ. ಅವನ ಮಾತನ್ನು ಪೊಲೀಸರಿಗೆ ಹೇಳಿದರೆ "ಯಾರಾದ್ರೂ ಕೇಳಿಸ್ಕೊಂಡ್ರಾ?" ಅಂದರು. ಕೇಳಿಸಿಕೊಂಡವಳು ನಾನು. ಹೆಂಡತಿಯ ಕಿವಿ ಸಾಕ್ಷಿಗೆ ಸಾಲದಂತೆ. ಕೊನೆಗೆ ವಕೀಲರೊಬ್ಬರ ಕೈಕಾಲು ಹಿಡಿದು ನ್ಯಾಯಾಲಯದಲ್ಲಿ ನೇರವಾಗಿ ದೂರು ಹಾಕಿದೆ. ಅದನ್ನು ವಿಚಾರಣೆಗೆ ತೆಗೆದುಕೊಳ್ಳಬೇಕೋ ಬೇಡವೋ ಎಂದು ನ್ಯಾಯಾಧೀಶರು ನಿರ್ಧರಿಸುವುದು ಇದೇ ಇಪ್ಪತ್ತೆರಡಕ್ಕೆ. ಹೆಂಗಸಿನ ಬಾಯಿಮಾತು ಸಾಲದು, ಕಣ್ಣಿಗೆ ಕಾಣುವಂಥದ್ದು ಏನಾದರೂ ತನ್ನಿ ಎಂದಿದ್ದಾರೆ ವಕೀಲರು.

ಕಾಣುವಂಥದ್ದು ನನ್ನಲ್ಲಿತ್ತು. ಹೊದಿಕೆ ಹೊಲಿಯುವಾಗ ಮೂತಿಯ ಮೇಲೆ ಕಂದು ಹಾಳೆ ಹಾಸಿ, ಅಂಚಿನ ಗುಂಟ ಪೆನ್ಸಿಲು ಎಳೆದು, ಅದೇ ಆಕಾರಕ್ಕೆ ಕತ್ತರಿಸುತ್ತೇವೆ. ಮೂತಿಗೆ ಬಟ್ಟೆ ಬಿಗಿಯಾಗಿ ಕೂರಬೇಕೆಂದರೆ ಬೇರೆ ದಾರಿಯಿಲ್ಲ. ಆ ಹಾಳೆಗಳನ್ನು ನಾನು ಎಸೆಯುವುದಿಲ್ಲ. ತಾರೀಕು, ದೋಣಿಯ ಸಂಖ್ಯೆ ಬರೆದು ಅಂಗಡಿಯ ಅಟ್ಟದಲ್ಲಿ ಸುರುಳಿ ಸುತ್ತಿ ಇಟ್ಟಿರುತ್ತೇನೆ. ಬಿಳಿ ದೋಣಿಯ ಹಳೆಯ ಮೂತಿಯ ಹಾಳೆ ಹುಡುಕಿ ತೆಗೆದೆ, ಸೊಟ್ಟ ಬಳೆಯ ಉಬ್ಬಿನ ಸಮೇತ. ಅದನ್ನು ಒಯ್ದು ತಮ್ಮ ಅಂಗಳದಲ್ಲಿ, ಹಾಡುಹಗಲು, ಕಾವಲುಗಾರನ ಎದುರಿಗೆ, ಗೋಣಿಚೀಲ ಸರಿಸಿ ಸೀಳಿನ ಮೇಲೆ ಇಟ್ಟೆ. ಕೂತಿತು. ಎಡಗೆರೆಗೆ ಎಡ, ಬಲಗೆರೆಗೆ ಬಲ. ಬಲಗಡೆ ಎರಡು ಬೆರಳು ಸರಿದು ಮರದಲ್ಲಿ ಒಂದು ಸಣ್ಣ ಗುಂಡಿಯಿತ್ತು, ಅದೇನೆಂದು ನನಗೆ ಅಲ್ಲಿಯವರೆಗೆ ಅರ್ಥವಾಗಿರಲಿಲ್ಲ. ಹಾಳೆಯಲ್ಲಿದ್ದ ಬಳೆಯ ಉಬ್ಬು ಸೀದಾ ಅದರಲ್ಲಿ ಹೋಗಿ ಕೂತಿತು. ಕಾವಲುಗಾರ "ಅಯ್ಯೋ ದೇವ್ರೇ" ಅಂದು ಕೂತುಬಿಟ್ಟ. ನಾನು ಅತ್ತೆ. ಸಂತೋಷಕ್ಕೋ ದುಃಖಕ್ಕೋ ನನಗೆ ಗೊತ್ತಾಗಲಿಲ್ಲ, ಎರಡೂ ಇತ್ತು.

ಅದು ಸೋಮವಾರ. ಗುರುವಾರ ಕಾವಲುಗಾರನಿಗೆ ಸರೋವರದ ಆಚೆ ದಡದ ಗೋದಾಮಿಗೆ ವರ್ಗವಾಯಿತು. ಶನಿವಾರ ನನ್ನ ಗಂಡನಿಗೆ ತಮ್ಮ ಮೂರನೆಯ ಪತ್ರ ಬಂತು. ಏಳು ತಿಂಗಳು ಆಮೆಯಂತೆ ತೆವಳಿದ ಕಡತಕ್ಕೆ ಐದೇ ದಿನದಲ್ಲಿ ಕಾಲು ಬಂದವು. ಯಾರೋ ಯಾರಿಗೋ ಏನೋ ಹೇಳಿದರು ಎಂದು ನಾನು ಆರೋಪಿಸುತ್ತಿಲ್ಲ. ಆರೋಪಿಸಲು ನಾನ್ಯಾರು? ವಿಹಾರಕ್ಕೆ ವಾರಸುದಾರರೇ ಇಲ್ಲವಲ್ಲ. ಸೋಮವಾರದಿಂದ ಶನಿವಾರದವರೆಗೆ ದಿನ ಎಣಿಸಿದೆ, ಅಷ್ಟೇ. ಹದಿನಾಲ್ಕಕ್ಕೂ ಇಪ್ಪತ್ತೆರಡಕ್ಕೂ ನಡುವೆ ಎಂಟು ದಿನವಿದೆ, ಅದನ್ನೂ ಎಣಿಸಿದೆ. ಐವತ್ತು ದೋಣಿಗಳಲ್ಲಿ ಕೆಲವು ನಾಲ್ಕು ವರ್ಷದಿಂದ ಕೊಳೆಯುತ್ತಿವೆ, ಒಂದರೊಳಗೆ ನಾಯಿ ಮರಿ ಹಾಕಿದೆ. ಅವುಗಳಲ್ಲಿ ಒಂದನ್ನೂ ಮುರಿಯದೆ ಇದೊಂದನ್ನೇ ಯಾಕೆ ಆರಿಸಿಕೊಂಡಿರಿ? ಜಾಗದ ಅಭಾವ ಎನ್ನಬೇಡಿ. ನನ್ನ ಗಂಡನ ದೋಣಿ ಅಂಗಳದಲ್ಲೇ ಅತಿ ಚಿಕ್ಕದು.

ಜಪ್ತಿ ಕಾನೂನೇ ಬೇಡ ಎನ್ನುವವಳಲ್ಲ ನಾನು. ಬೇಕು. ಕುಡಿದು ಓಡಿಸುವವನ, ಈಜುವವರ ನಡುವೆ ನುಗ್ಗುವವನ, ಮನುಷ್ಯರನ್ನು ಅಡ್ಡ ಬಂದ ಕಸವೆಂದು ತಿಳಿದವನ ದೋಣಿಯನ್ನು ಕಿತ್ತುಕೊಳ್ಳಲೇಬೇಕು, ತಿರುಗಿ ಕೊಡಲೂಬಾರದು. ಜಪ್ತಿ ಮಾಡುವುದು ಎರಡು ಕಾರಣಕ್ಕೆ ಎಂದು ತಮ್ಮದೇ ನಿಯಮದ ಮೊದಲ ಪುಟ ಹೇಳುತ್ತದೆ: ತಪ್ಪಿತಸ್ಥ ಮತ್ತೆ ನೀರಿಗಿಳಿಯದಿರಲಿ, ಸಾಕ್ಷ್ಯ ಕೆಡದಿರಲಿ. ತಪ್ಪಿತಸ್ಥ ಹೋದ ಭಾನುವಾರವೂ ನೀರಿಗಿಳಿದ, ನನ್ನ ಅಂಗಡಿಯ ಬಾಗಿಲಿನಿಂದ ನೋಡಿದೆ. ಹೊಸ ಮೂತಿ ಎತ್ತಿಕೊಂಡು, ಪಕ್ಕದಲ್ಲಿ ಭಾಮೈದ ಕೈಬೀಸುತ್ತ. ಸಾಕ್ಷ್ಯವನ್ನು ತಾವು ಕೊಡಲಿಯಿಂದ ಕೆಡಿಸಲಿದ್ದೀರಿ. ಎರಡರಲ್ಲಿ ಒಂದನ್ನೂ ಮಾಡಲಾಗದ ಕಚೇರಿ ಇನ್ನೇನು ಮಾಡುತ್ತಿದೆ? ಬಡವರ ದೋಣಿ ಒಣಗಿಸುವುದಕ್ಕೆ ಇಷ್ಟು ಕುರ್ಚಿ, ಇಷ್ಟು ಮೊಹರು, ಇಷ್ಟು ದೊಡ್ಡ ಕಟ್ಟಡ ಬೇಕೇ? ಬಿಸಿಲಿಗೆ ಬಿಟ್ಟರೆ ಅದೇ ಒಣಗಿಸುತ್ತದೆ. ತಾವು ಕೆಟ್ಟವರೆಂದು ಮೊದಲು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಕೆಟ್ಟವನಾಗಲೂ ಒಂದಿಷ್ಟು ಮೈಬಗ್ಗಿಸಬೇಕು. ತಾವು ಮಾಡಿದ್ದು ಕೂತಲ್ಲೇ ಸಹಿ ಹಾಕಿದ್ದಷ್ಟೇ. ಟೈಲ್ಸ್ ವ್ಯಾಪಾರಿಯಾದರೂ ಕಣ್ಣೆದುರು ಕೊಂದ, ತಾವು ಕಡತದಲ್ಲಿ ಕೊಲ್ಲುತ್ತಿದ್ದೀರಿ.

ದೋಣಿಯನ್ನು ನನಗೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಇಟ್ಟುಕೊಳ್ಳಿ. ಬಿಸಿಲಿನಲ್ಲೇ ಇಟ್ಟುಕೊಳ್ಳಿ. ಇಪ್ಪತ್ತೆರಡರವರೆಗೆ ಅದನ್ನು ಮುಟ್ಟಬೇಡಿ, ನ್ಯಾಯಾಧೀಶರು ಕಳಿಸುವವರು ಬಂದು ನನ್ನ ಹಾಳೆಯನ್ನು ಅದರ ಮೇಲೆ ಇಟ್ಟು ನೋಡಲಿ. ಬಿಳಿ ದೋಣಿಯನ್ನು ಇವತ್ತೇ ಮತ್ತೆ ಜಪ್ತಿ ಮಾಡಿ, ಕಿತ್ತುಹಾಕಿದ ಹಳೆಯ ಮೂತಿ ಎಲ್ಲಿದೆ ಎಂದು ಕೇಳಿ. ಕೇಳುವುದೆಂದರೆ ಪತ್ರ ಬರೆಯುವುದಲ್ಲ, ಹೋಗಿ ಕೇಳುವುದು. ಇಷ್ಟೇ ನನ್ನ ಬೇಡಿಕೆ. ಇದಕ್ಕೆ ಉತ್ತರ ಬರೆಯುವುದಾದರೆ ದಯವಿಟ್ಟು ನನಗೇ ಬರೆಯಿರಿ.

ಉತ್ತರ ಬಾರದಿದ್ದರೆ, ಹದಿನಾಲ್ಕನೆಯ ತಾರೀಕು ಕಚೇರಿಯ ಗೇಟು ತೆರೆಯುವ ಹೊತ್ತಿಗೆ ನಾನೂ ನಾದಿನಿಯೂ ಅಂಗಳದಲ್ಲಿರುತ್ತೇವೆ. ಅದು ಒಬ್ಬರೇ ಕೂರುವ ದೋಣಿ, ಆದ್ದರಿಂದ ನಾನು ಒಳಗೆ ಕೂರುತ್ತೇನೆ, ಅವಳು ಹೊರಗೆ ನಿಂತು ಮಾತಾಡುತ್ತಾಳೆ. ನನ್ನ ಎಡಭುಜ ಆ ಸೀಳಿಗೆ ಸರಿಯಾಗಿ ಬರುತ್ತದೆ. ಅವರದೂ ಅಲ್ಲಿಗೇ ಬರುತ್ತಿತ್ತು, ಏಟು ಅಲ್ಲಿಗೇ ಬಿದ್ದಿದ್ದು. ಕೊಡಲಿಯವನಿಗೆ ಮೊದಲೇ ತಿಳಿಸಿಡಿ, ಪಾಪ, ಅವನಿಗೆ ಗೊತ್ತಿರುವುದಿಲ್ಲ. ಮುರಿಯುವ ಆದೇಶಕ್ಕೆ ಸಹಿ ತಮ್ಮದಲ್ಲವೇ? ಮೊದಲ ಏಟು ಹೊಡೆಯಲು ತಾವೇ ಖುದ್ದಾಗಿ ಬನ್ನಿ.

ಇಂತಿ,
ತಮ್ಮ ಕಡತದಲ್ಲಿ ಎಲ್ಲೂ ಇಲ್ಲದ,
ದೋಣಿ ಹೊದಿಕೆ ಹೊಲಿಯುವ ಹೆಂಗಸು